ಹಿತ್ತಲ ಗಿಡವೂ ಚಿಟ್ಟೆಯೂ

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕೈಗೆ ಸುಲಭವಾಗಿ ಸಿಕ್ಕುವ ವಸ್ತುವಿಗೆ ಬೆಲೆಯಿಲ್ಲ, ದೂರದಿಂದ ತಂದುದಕ್ಕೆ ಮಾತ್ರವೇ ಬೆಲೆ ಎಂಬ ಮನುಷ್ಯಸ್ವಭಾವವನ್ನು ನಮ್ಮ ಹಿರಿಯರು ಮೂರೇ ಮಾತುಗಳಲ್ಲಿ ಹಿಡಿದಿಟ್ಟಿದ್ದಾರೆ. ಮದ್ದಿನ ಮಾತು ಹಾಗಿರಲಿ. ಈಗ ಆ ಗಾದೆ ಚಿಟ್ಟೆಯ ವಿಷಯಕ್ಕೂ ಬಂದು ನಿಂತಿದೆ. ಅದನ್ನು ಕುರಿತು ನಾಲ್ಕು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ಮನೆಯ ಮುಂದೆ ಒಂದಿಷ್ಟು ಹೂವಿರಬೇಕು, ಹೂವಿನ ಮೇಲೆ ಚಿಟ್ಟೆ ಕೂರಬೇಕು ಎಂಬ ಆಸೆ ಯಾರಿಗೆ ತಾನೆ ಇಲ್ಲ? ಈಚೆಗೆ ಮೊಬೈಲಿನ ತೆರೆಯ ಮೇಲೆ ಇಂಗ್ಲೆಂಡು, ಅಮೆರಿಕಗಳ ಕೈತೋಟಗಳನ್ನು ನೋಡುವವರು ನಮ್ಮ ತರಗತಿಯಲ್ಲಿಯೂ ಅನೇಕರಿದ್ದಾರೆ. ಅಲ್ಲಿ ಒಂದು ಪೊದೆ. ಮೊಣಕಾಲಿಗಿಂತ ಸ್ವಲ್ಪ ಎತ್ತರ. ಮೈತುಂಬ ನೇರಳೆ ಬಣ್ಣದ ಹೂಗೊಂಚಲು. ಗೊಂಚಲಿಗೆ ಮೂರು ಮೂರು ಚಿಟ್ಟೆಗಳು. "ಗಿಡ್ಡ ಚಿಟ್ಟೆ ಪೊದೆ" ಎಂದು ಅದಕ್ಕೆ ಹೆಸರು. ಅದರ ಸಸಿ ಎಲ್ಲಿ ಸಿಕ್ಕೀತು, ಎಷ್ಟು ಬೆಲೆ ಎಂದು ಗೆಳತಿಯರು ವಿಚಾರಿಸುವುದನ್ನು ನಾನು ಕೇಳಿದ್ದೇನೆ. ಅವರ ಆಸೆಯನ್ನು ನಾನು ಹೀಗಳೆಯುವವಳಲ್ಲ. ಆದರೆ ಚಿಟ್ಟೆ ಬೇಕೆಂಬುವರು ಮೊದಲು ಕೊಳ್ಳಬೇಕಾದುದು ಹೂವಿನ ಸಸಿಯನ್ನಲ್ಲ, ಮೊದಲು ಉಳಿಸಬೇಕಾದುದು ಎಲೆಯನ್ನು ಎಂಬುದು ನನ್ನ ಅಭಿಪ್ರಾಯ. ಆ ಎಲೆ ಈಗಾಗಲೇ ನಮ್ಮ ಹಿತ್ತಲಲ್ಲಿದೆ. ನಾವೇ ಅದನ್ನು ಕಿತ್ತು ಸಿಮೆಂಟು ಹಾಕುತ್ತಿದ್ದೇವೆ.

ಮೊದಲು ಆ ಪರದೇಶದ ಪೊದೆಗೆ ನ್ಯಾಯ ಸಲ್ಲಿಸೋಣ. ಅದರ ಹುಟ್ಟೂರು ಇಂಗ್ಲೆಂಡೂ ಅಲ್ಲ, ಅಮೆರಿಕವೂ ಅಲ್ಲ. ಚೀನಾದೇಶದ ಬೆಟ್ಟದ ಸೀಮೆ. ಸಸ್ಯಶಾಸ್ತ್ರಜ್ಞರು ಅದನ್ನು ಬಡ್ಲೇಯ ಡೇವಿಡೀ ಎಂದು ಕರೆಯುತ್ತಾರೆ. ಹೆಸರಿನ ಮೊದಲರ್ಧ ಆಡಂ ಬಡ್ಲ್ ಎಂಬ ಇಂಗ್ಲೆಂಡಿನ ಪಾದ್ರಿಯದು. ಆತ 1715ರಲ್ಲಿ ತೀರಿಕೊಂಡ ಸಸ್ಯಪ್ರೇಮಿ. ಎರಡನೆಯ ಅರ್ಧ ಆರ್ಮಾಂ ದಾವಿದ್ ಎಂಬ ಫ್ರಾನ್ಸಿನ ಪಾದ್ರಿಯದು. ಈತ 1869ರಲ್ಲಿ ಚೀನಾದ ಸಿಚುವಾನ್ ಪ್ರಾಂತದಲ್ಲಿ ಸಂಚರಿಸುತ್ತಿದ್ದಾಗ ದೈತ್ಯ ಪಾಂಡಾವನ್ನು ಪಾಶ್ಚಾತ್ಯ ಜಗತ್ತಿಗೆ ಪರಿಚಯಿಸಿದವನು. ಈ ಗಿಡವನ್ನು ಗುರುತಿಸಿದವನೂ ಅವನೇ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಅದರ ಬೀಜ ಯೂರೋಪಿನ ತೋಟಗಳನ್ನು ಸೇರಿತು. ಹತ್ತು ಹದಿನೈದು ಅಡಿ ಎತ್ತರಕ್ಕೆ ಬೆಳೆಯುವ, ಜೇನಿನ ವಾಸನೆಯ ಹೂ ಬಿಡುವ, ಚಳಿ ಕಳೆದೊಡನೆ ಬುಡದವರೆಗೆ ಕತ್ತರಿಸಿದರೂ ಮತ್ತೆ ಚಿಗುರಿ ಅದೇ ವರ್ಷ ಹೂವಾಗುವ ಗಿಡವನ್ನು ಯಾರು ಬೇಡವೆಂದಾರು?

ಆದರೆ ಅದರ ಬೀಜ ಹಗುರ, ಗಾಳಿಗೆ ಹಾರುವಂಥದು, ಒಂದೊಂದು ಗಿಡದಲ್ಲಿಯೂ ಲಕ್ಷಗಟ್ಟಲೆ. ತೋಟದ ಬೇಲಿಯೊಳಗೆ ಅದು ನಿಲ್ಲಲಿಲ್ಲ. 1940-41ರಲ್ಲಿ ಜರ್ಮನಿಯ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಸುರಿದ ಮೇಲೆ, ಕುಸಿದ ಮನೆಗಳ ಕಲ್ಲು ಗಾರೆಯ ರಾಶಿಯ ಮೇಲೆಲ್ಲ ಅದು ತಾನಾಗಿ ಹುಟ್ಟಿ ಹೂ ಬಿಟ್ಟಿತಂತೆ. ಇಂದಿಗೂ ಬ್ರಿಟನ್ನಿನ ರೈಲುಹಾದಿಗಳ ಅಂಚಿನಲ್ಲಿ, ಪಾಳುಗೋಡೆಗಳ ಬಿರುಕಿನಲ್ಲಿ ಅದನ್ನು ಕಾಣಬಹುದು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಅದು ಹಾನಿಕರ ಕಳೆಗಳ ಪಟ್ಟಿಯಲ್ಲಿದೆ. ನೂರಕ್ಕೆ ಎರಡಕ್ಕಿಂತ ಕಡಮೆ ಬೀಜ ಮೊಳೆಯುವಂಥ ತಳಿಗಳನ್ನು ಮಾತ್ರ ಅಲ್ಲಿ ಮಾರಬಹುದು.

ಗಿಡ್ಡ ತಳಿಗಳ ಕಥೆ ಇಲ್ಲಿಗೆ ಬಂದು ಕೂಡುತ್ತದೆ. ಅಮೆರಿಕದ ಉತ್ತರ ಕೆರೊಲಿನ ರಾಜ್ಯ ವಿಶ್ವವಿದ್ಯಾನಿಲಯದ ಡೆನಿಸ್ ವರ್ನರ್ ಎಂಬ ಪ್ರಾಧ್ಯಾಪಕರು ಬೇರೆ ಬೇರೆ ಬಡ್ಲೇಯಗಳನ್ನು ಕೂಡಿಸಿ, ಎರಡು ಮೂರು ಅಡಿಗಿಂತ ಹೆಚ್ಚು ಬೆಳೆಯದ, ಬೀಜವನ್ನೂ ಬಲು ಅಪರೂಪವಾಗಿ ಬಿಡುವ 'ಬ್ಲೂ ಚಿಪ್' ಎಂಬ ತಳಿಯನ್ನು ಪಡೆದರು. ಚಿಕ್ಕ ಅಂಗಳದವನಿಗೂ ಹೂ ಸಿಗಬೇಕು, ನೆರೆಯ ಕಾಡಿಗೂ ಕೇಡಾಗಬಾರದು ಎಂಬ ಎರಡು ಸಮಸ್ಯೆಗೂ ಒಂದೇ ಉತ್ತರ. ಇದು ಮೆಚ್ಚತಕ್ಕ ವಿದ್ಯೆಯೇ ಸರಿ. ಆದರೆ ಗಮನಿಸಬೇಕಾದುದೇನೆಂದರೆ, ಅದು ಅವರ ಸಮಸ್ಯೆಗೆ ಅವರು ಕಂಡುಕೊಂಡ ಉತ್ತರ. ನಾವು ಉತ್ತರವನ್ನು ಮಾತ್ರ ತಂದು, ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟು ಬರುವುದು ಎಷ್ಟು ಸರಿ?

ಹೂವಿನ ಚೆಲುವಿಗೆ ಮರುಳಾಗಿ ಹೊರಗಿನ ಗಿಡವನ್ನು ತಂದುಕೊಂಡು ಪಟ್ಟ ಪಾಡು ನಮಗೂ ಹೊಸದೇನಲ್ಲ. ಲಂಟಾನವನ್ನು ನೋಡಿರಿ. ಅದು ಉಷ್ಣವಲಯದ ಅಮೆರಿಕದ ಗಿಡ. 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದಿತು. ಅದರ ಹೂವಿಗೂ ಚಿಟ್ಟೆಗಳು ಮುತ್ತುತ್ತವೆ, ಸಂದೇಹವಿಲ್ಲ. ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ಕಾಡಿಗೆ ಒಯ್ದವು. ಇಂದು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ ಹುಲ್ಲು ಬೆಳೆಯಬೇಕಾದೆಡೆಯಲ್ಲೆಲ್ಲ ಲಂಟಾನ ಹೆಣೆದುಕೊಂಡು ನಿಂತಿದೆ. ಜಿಂಕೆಗೆ ಮೇವಿಲ್ಲ, ಎಳೆಯ ಮರಕ್ಕೆ ಬೆಳಕಿಲ್ಲ, ತಿಂದ ದನಕ್ಕೆ ಅದು ವಿಷ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ ಮೇಜು ಹೆಣೆದು ಮಾರುತ್ತಿರುವುದು ಅವರ ಜಾಣ್ಮೆಗೆ ಸಾಕ್ಷಿ. ಗಿಡ ತಂದವರ ವಿವೇಕಕ್ಕೆ ಸಾಕ್ಷಿಯಲ್ಲ. ಬಡ್ಲೇಯ ನಮ್ಮ ಬಯಲುಸೀಮೆಯಲ್ಲಿ ಹಾಗೆಯೇ ಹಬ್ಬುತ್ತದೆಂದು ನಾನು ಹೇಳುತ್ತಿಲ್ಲ. ಹೂವು ಚಿಟ್ಟೆಯನ್ನು ಕರೆಯಿತೆಂದ ಮಾತ್ರಕ್ಕೆ ಆ ಗಿಡ ನೆಲಕ್ಕೂ ಹಿತವಾಗಲೇಬೇಕೆಂಬ ನಿಯಮವಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ಹೂವು ಚಿಟ್ಟೆಗೆ ಕೊಡುವುದು ಏನನ್ನು? ಒಂದು ಗುಟುಕು ಮಕರಂದವನ್ನು. ಅದು ದಾರಿಹೋಕನಿಗೆ ಅರವಟ್ಟಿಗೆಯಲ್ಲಿ ಸಿಕ್ಕುವ ಮಜ್ಜಿಗೆಯ ಹಾಗೆ. ಕುಡಿದವನು ಅಲ್ಲಿ ಮನೆ ಮಾಡುವುದಿಲ್ಲ, ಮುಂದೆ ಹೋಗುತ್ತಾನೆ. ಚಿಟ್ಟೆಗೆ ಬಾಣಂತಿಮನೆ ಬೇರೆ ಇದೆ, ಅದು ಎಲೆ. ಎಲ್ಲ ಎಲೆಯೂ ಅಲ್ಲ. ಬಹುಮಟ್ಟಿಗೆ ಒಂದೊಂದು ಜಾತಿಯ ಚಿಟ್ಟೆಗೆ ಗೊತ್ತಾದ ಕೆಲವು ಜಾತಿಯ ಗಿಡಗಳ ಎಲೆ. ಹೆಣ್ಣು ಚಿಟ್ಟೆ ಎಲೆಯ ಮೇಲೆ ಇಳಿದು ಮುಂಗಾಲುಗಳಿಂದ ತಟ್ಟಿ ತಟ್ಟಿ ರುಚಿ ನೋಡುತ್ತದೆ. ಅದರ ಕಾಲಿನಲ್ಲಿಯೇ ರುಚಿ ತಿಳಿಯುವ ಶಕ್ತಿಯಿದೆ. ತನ್ನ ಮಕ್ಕಳು ತಿನ್ನುವ ಎಲೆ ಹೌದೆಂದು ಖಚಿತವಾದರೆ ಮೊಟ್ಟೆಯಿಡುತ್ತದೆ, ಅಲ್ಲವಾದರೆ ಹಾರಿಹೋಗುತ್ತದೆ. ಊರ ತುಂಬ ಹೂವಿದ್ದು, ಆ ಒಂದು ಎಲೆ ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ಚಿಟ್ಟೆಯೇ ಇಲ್ಲ.

ಈ ಸತ್ಯವನ್ನು ಚಿತ್ರದಲ್ಲಿ ಬರೆದು ತೋರಿಸಿದ ಮೊದಲಿಗರಲ್ಲಿ ಒಬ್ಬಾಕೆ ಹೆಂಗಸೆಂಬುದು ನನಗೆ ಹೆಮ್ಮೆಯ ವಿಷಯ. ಮರಿಯ ಸಿಬಿಲ್ಲ ಮೇರಿಯನ್ ಎಂಬ ಜರ್ಮನಿಯ ಚಿತ್ರಗಾರ್ತಿ, ವಿಶ್ವವಿದ್ಯಾನಿಲಯದ ಬಾಗಿಲು ಹೆಂಗಸರಿಗೆ ತೆರೆಯದಿದ್ದ ಕಾಲದಲ್ಲಿ, 1699ರಲ್ಲಿ ಮಗಳೊಡನೆ ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದಳು. 1705ರಲ್ಲಿ ಆಕೆ ಪ್ರಕಟಿಸಿದ ಗ್ರಂಥದಲ್ಲಿ ಚಿಟ್ಟೆಯೊಂದೇ ಇಲ್ಲ. ಅದರ ಹುಳು, ಅದರ ಕೋಶ, ಆ ಹುಳು ತಿನ್ನುವ ಗಿಡ ಎಲ್ಲವೂ ಒಂದೇ ಹಾಳೆಯ ಮೇಲಿವೆ. ಗಿಡವನ್ನು ಬಿಟ್ಟು ಚಿಟ್ಟೆಯ ಚಿತ್ರ ಬರೆದರೆ ಅದು ಅರ್ಧ ಚಿತ್ರ ಎಂಬುದನ್ನು ಆಕೆ ಮುನ್ನೂರು ವರ್ಷಗಳ ಹಿಂದೆಯೇ ಕಂಡಿದ್ದಳು. ನಾವು ಇನ್ನೂ ಅರ್ಧ ಚಿತ್ರವನ್ನೇ ಗೋಡೆಗೆ ತೂಗುಹಾಕುತ್ತಿದ್ದೇವೆ.

ಅಮೆರಿಕದವರೂ ಈಚೆಗೆ ಈ ಪಾಠವನ್ನು ಕಲಿಯುತ್ತಿದ್ದಾರೆ. ಅಲ್ಲಿ ಮೊನಾರ್ಕ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯುಂಟು. ಚಳಿಗಾಲಕ್ಕೆ ಸಾವಿರಾರು ಮೈಲಿ ಹಾರಿ ಮೆಕ್ಸಿಕೋದ ಬೆಟ್ಟಗಳನ್ನು ಸೇರುವ ಈ ಚಿಟ್ಟೆಯ ಸಂಖ್ಯೆ ಇಳಿಯುತ್ತ ಬಂದುದಕ್ಕೆ ಒಂದು ಕಾರಣ, ಅದರ ಹುಳು ತಿನ್ನುವ ಹಾಲುಗಿಡವು ಹೊಲಗಳಲ್ಲಿ ಕಳೆನಾಶಕಕ್ಕೆ ಸಿಕ್ಕಿ ಕಡಮೆಯಾದುದು. ಬಡ್ಲೇಯದ ಹೂವು ಎಷ್ಟಿದ್ದರೇನು? ಆದುದರಿಂದ ಅಲ್ಲಿನ ಮನೆಮನೆಯವರು ಈಗ ಆ ಹಾಲುಗಿಡವನ್ನು ತಾವಾಗಿ ನೆಡುತ್ತಿದ್ದಾರೆ. ಆ ಹಾಲುಗಿಡ ಯಾವ ಕುಲದ್ದೆಂದು ಬಲ್ಲಿರಾ? ನಮ್ಮ ಎಕ್ಕದ ಕುಲದ್ದು!

ನಮ್ಮ ಎಕ್ಕದ ಗಿಡದಲ್ಲಿಯೂ ಮೊನಾರ್ಕಿನ ದಾಯಾದಿಯೊಂದು ಬೆಳೆಯುತ್ತದೆ. ಅದರ ಹೆಸರು ಪ್ಲೇನ್ ಟೈಗರ್. ಕಿತ್ತಳೆ ರೆಕ್ಕೆ, ಕಪ್ಪು ಅಂಚು, ತುದಿಯಲ್ಲಿ ಬಿಳಿಯ ಮಚ್ಚೆ. ಅದರ ಹುಳು ಎಕ್ಕದ ವಿಷದ ಹಾಲನ್ನು ತಿಂದು ಜೀರ್ಣಿಸಿಕೊಂಡು ಆ ವಿಷವನ್ನೇ ತನ್ನ ಮೈಗೆ ಕವಚ ಮಾಡಿಕೊಳ್ಳುತ್ತದೆ; ಒಮ್ಮೆ ರುಚಿ ನೋಡಿದ ಹಕ್ಕಿ ಇನ್ನೊಮ್ಮೆ ಬಾಯಿ ಹಾಕುವುದಿಲ್ಲ. ರಥಸಪ್ತಮಿಯ ದಿನ ಎಕ್ಕದ ಎಲೆಯನ್ನು ತಲೆ ಭುಜಗಳ ಮೇಲಿಟ್ಟುಕೊಂಡು ನೀರು ಹಾಕಿಕೊಳ್ಳುವ ನಾವು, ಮಾರನೆಯ ದಿನ ಅದೇ ಗಿಡವನ್ನು ಪಾಳುಬಿದ್ದ ಜಾಗದ ಗಿಡವೆಂದು ಕಡಿದು ಹಾಕುತ್ತೇವೆ.

ಕರಿಬೇವಿನ ಸಮಾಚಾರ ಇನ್ನೂ ಸ್ವಾರಸ್ಯವಾದುದು. ಕರಿಬೇವು, ನಿಂಬೆ, ಬಿಲ್ವ ಇವೆಲ್ಲ ಒಂದೇ ಕುಲದ ಗಿಡಗಳು. ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಗೂ, ಲೈಮ್ ಬಟರ್‌ಫ್ಲೈ ಎಂಬ ಕಪ್ಪು ಹಳದಿ ಚೌಕುಳಿಯ ಚಿಟ್ಟೆಗೂ ಇವೇ ತವರುಮನೆ. ಮುತ್ತಿನಂಥ ಒಂಟಿ ಮೊಟ್ಟೆ ಎಳೆಯ ಎಲೆಯ ಮೇಲಿರುತ್ತದೆ. ಮೂರು ನಾಲ್ಕು ದಿನಗಳಲ್ಲಿ ಹುಳು ಹೊರಬರುತ್ತದೆ. ಮೊದಮೊದಲು ಅದು ಹಕ್ಕಿಯ ಹಿಕ್ಕೆಯ ಹಾಗೆಯೇ ಕಾಣುತ್ತದೆ. ಹಿಕ್ಕೆಯನ್ನು ಯಾವ ಹಕ್ಕಿ ತಿಂದೀತು? ದೊಡ್ಡದಾದಂತೆ ಎಲೆಯ ಹಸಿರು ಬಣ್ಣಕ್ಕೆ ತಿರುಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದನ್ನು ಸರ್ರನೆ ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಎರಡು ವಾರ ತಿಂದು ತಿಂದು, ಒಂದು ಕಡ್ಡಿಗೆ ನೂಲಿನಿಂದ ತನ್ನ ನಡು ಕಟ್ಟಿಕೊಂಡು ಕೋಶವಾಗುತ್ತದೆ. ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಒದ್ದೆ ರೆಕ್ಕೆಯ ಚಿಟ್ಟೆ ಅಲ್ಲಿ ಕುಳಿತಿರುತ್ತದೆ. ಒಗ್ಗರಣೆಗೆಂದು ನಾವು ದಿನವೂ ಕೈಹಾಕುವ ಗಿಡದಲ್ಲಿ ಇಷ್ಟೆಲ್ಲ ನಡೆಯುತ್ತದೆ.

ಇವೆರಡೇ ಅಲ್ಲ. ಸೀತಾಫಲದ ಎಲೆಯಲ್ಲಿ ಟೈಲ್ಡ್ ಜೇ ಎಂಬ ಹಸಿರು ಮಚ್ಚೆಯ ಚಿಟ್ಟೆ ಬೆಳೆಯುತ್ತದೆ. ಕಕ್ಕೆಯ ಚಿಗುರಿನಲ್ಲಿ ನಿಂಬೆಬಣ್ಣದ ಕಾಮನ್ ಎಮಿಗ್ರೆಂಟ್. ಮಾವಿನ ಎಲೆಯಲ್ಲಿ ಬ್ಯಾರನ್. ಹರಳಿನ ಗಿಡದಲ್ಲಿ ಕಾಮನ್ ಕ್ಯಾಸ್ಟರ್. ಕರ್ನಾಟಕದ ರಾಜ್ಯ ಚಿಟ್ಟೆಯೆನಿಸಿದ, ನಮ್ಮ ಬಾವುಟದಂತೆ ಹಳದಿ ಕೆಂಪು ಬಣ್ಣವನ್ನು ಹೊತ್ತ ಸದರ್ನ್ ಬರ್ಡ್‌ವಿಂಗ್ ಮಲೆನಾಡಿನಲ್ಲಿ ಈಶ್ವರಿ ಬಳ್ಳಿಯನ್ನು ಆಶ್ರಯಿಸಿದೆ. ಇವುಗಳಲ್ಲಿ ಯಾವುದೊಂದು ಗಿಡವನ್ನೂ ಹೂವಿನ ಚೆಲುವಿಗಾಗಿ ಯಾರೂ ಚಿಟ್ಟೆಯ ಗಿಡವೆಂದು ಜಾಹೀರಾತು ಮಾಡುವುದಿಲ್ಲ. ಬಿಟ್ಟಿಯಾಗಿ ಸಿಕ್ಕುವುದಕ್ಕೆ ಜಾಹೀರಾತು ಎಲ್ಲಿಯದು?

ಇಷ್ಟು ಹೇಳಿದೊಡನೆ ಕೆಲವು ಆಕ್ಷೇಪಣೆಗಳು ಏಳುವುದು ಸಹಜ. ಅವನ್ನು ನಾನು ಪುಸ್ತಕದಿಂದ ಹುಡುಕಬೇಕಾಗಿಲ್ಲ; ನಮ್ಮ ಮನೆಯಲ್ಲಿಯೇ ಕೇಳಿದ್ದೇನೆ. ನಮ್ಮದು 20 ಅಡಿ ಅಗಲ, 30 ಅಡಿ ಉದ್ದದ ನಿವೇಶನ. ಮನೆ, ಬಚ್ಚಲು, ನೀರಿನ ತೊಟ್ಟಿ ಹೋಗಿ ಹಿಂದುಗಡೆ ಉಳಿದಿರುವುದು ನಾಲ್ಕು ಅಡಿ ಅಗಲದ ಒಂದು ಪಟ್ಟಿ. ಅಲ್ಲಿ ನಮ್ಮವ್ವ ಹಾಕಿದ ಕರಿಬೇವು, ಒಂದು ನಿಂಬೆ, ತುಳಸಿ, ಒಂದು ಕೇಪಳ, ಮೂಲೆಯಲ್ಲಿ ತಾನಾಗಿ ಹುಟ್ಟಿದ ಎಕ್ಕ ಇವೆ. ನಮ್ಮಣ್ಣ ಗಾರೆ ಕೆಲಸದವನು. ಊರಿನ ಹತ್ತಾರು ಮನೆಗಳ ಅಂಗಳಕ್ಕೆ ಕಾಂಕ್ರೀಟು ಹಾಕಿದ ಕೈ ಅವನದು. ತನ್ನ ಸ್ವಂತ ಮನೆಯ ಹಿತ್ತಲಿಗೂ ಉಳಿದ ಸಿಮೆಂಟಿನಲ್ಲಿ ಒಂದು ಹಾಸು ಹಾಕಿಬಿಡಬೇಕೆಂದು ಅವನ ಬಯಕೆ. ಅದು ತಪ್ಪು ಬಯಕೆಯೆಂದು ನಾನು ಹೇಳಲಾರೆ. ಮಳೆಗಾಲದಲ್ಲಿ ಕೆಸರು ತುಳಿದು ಬೆಳೆದವರಿಗೆ ಸಿಮೆಂಟಿನ ನೆಲವೆಂದರೆ ಮರ್ಯಾದೆಯ ನೆಲ. "ಕಾಲೇಜು ಓದೋಳು ನೀನು, ಹುಳ ಸಾಕ್ತೀನಿ ಅಂತೀಯಲ್ಲವ್ವ, ನೋಡ್ದೋರು ಏನಂದಾರು?" ಎಂದು ಅವನು ಕೇಳಿದ. ಅವ್ವ ಮಾತ್ರ, "ಹುಳ ತಿಂದ್ರೆ ತಿನ್ಲಿ ಬುಡು ಮಗ, ಅದೇನು ಮನೆ ತಿಂದ್‌ಬುಟ್ಟದಾ? ಹುಳ ತಿಂದ ಸೊಪ್ಪೇ ವಿಷ ಹೊಡೀದ ಸೊಪ್ಪು" ಎಂದಳು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪ್ರಕೃತಿಶಾಸ್ತ್ರದ ಒಂದು ಇಡೀ ಅಧ್ಯಾಯ ಆ ಒಂದು ಮಾತಿನಲ್ಲಿತ್ತು.

ಆದರೂ ಅಣ್ಣನ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಮೊದಲನೆಯ ಆಕ್ಷೇಪಣೆ ನಷ್ಟದ್ದು. ಬಡವರ ಮನೆಯ ಒಂದೇ ಒಂದು ನಿಂಬೆ ಸಸಿಯನ್ನು ಹುಳು ಬೋಳಿಸಿದರೆ ಚಿಟ್ಟೆಯ ಚೆಲುವಿನಿಂದ ಹೊಟ್ಟೆ ತುಂಬೀತೆ? ಇದು ನ್ಯಾಯವಾದ ಮಾತು. ನಿಂಬೆಯ ಸಸಿಗಳನ್ನು ಬೆಳೆಸಿ ಮಾರುವವರಿಗೆ ಈ ಹುಳು ನಿಜವಾಗಿಯೂ ಪೀಡೆ. ಅವರಿಗೆ ಉಪದೇಶ ಮಾಡಲು ನಾನು ಹೊರಟಿಲ್ಲ. ಆದರೆ ಆಳೆತ್ತರಕ್ಕೆ ಬೆಳೆದ ಕರಿಬೇವಿಗೆ ಐದಾರು ಹುಳುಗಳು ಒಂದು ಲೆಕ್ಕವೆ? ತಿಂದ ಕಡೆ ಮತ್ತೆ ಚಿಗುರುತ್ತದೆ. ಎಳೆಯ ಸಸಿಯಿದ್ದರೆ ಅದರ ಮೇಲೆ ಹಳೆಯ ಸೊಳ್ಳೆಪರದೆಯ ತುಂಡನ್ನು ಹೊದಿಸಬಹುದು. ಹುಳುವನ್ನು ಎಲೆಯ ಸಮೇತ ಎತ್ತಿ ದೊಡ್ಡ ಗಿಡಕ್ಕೆ ದಾಟಿಸಬಹುದು. ಇನ್ನೂ ಒಂದು ಮಾತು: ಹುಟ್ಟಿದ ಹುಳುಗಳೆಲ್ಲ ಚಿಟ್ಟೆಯಾಗುವುದಿಲ್ಲ. ಹೆಚ್ಚಿನವು ಕಣಜಕ್ಕೂ ಇರುವೆಗೂ ಹಕ್ಕಿಗೂ ಆಹಾರವಾಗುತ್ತವೆ. ಗುಬ್ಬಚ್ಚಿ ದೊಡ್ಡದಾದ ಮೇಲೆ ಕಾಳು ತಿಂದರೂ ಮರಿಗೆ ಕೊಡುವುದು ಹುಳುವನ್ನೇ. ಗುಬ್ಬಚ್ಚಿ ಎಲ್ಲಿ ಹೋಯಿತೆಂದು ಕೇಳುವವರು, ಗುಬ್ಬಚ್ಚಿಯ ಮರಿಯ ಊಟ ಎಲ್ಲಿ ಹೋಯಿತೆಂದೂ ಕೇಳಬೇಕಲ್ಲವೆ?

ಎರಡನೆಯ ಆಕ್ಷೇಪಣೆ ಅಪಾಯದ್ದು. ಎಕ್ಕದ ಹಾಲು ಕಣ್ಣಿಗೆ ತಾಕಿದರೆ ಕಣ್ಣಿಗೆ ಕೇಡು. ಅದು ಸತ್ಯ. ಚಿಕ್ಕ ಮಕ್ಕಳಿರುವ ಮನೆಯವರು ಅದನ್ನು ಅಂಗಳದಲ್ಲಿಡದೆ ಬೇಲಿಯಾಚೆ ಬಿಡುವುದು ಲೇಸು. ಕಡಿಯುವಾಗಲೂ ಎಚ್ಚರ ಬೇಕು. ಈಶ್ವರಿ ಬಳ್ಳಿಯನ್ನು ಹಾವಿನ ಕಡಿತಕ್ಕೆ ಮದ್ದೆಂದು ಹಳ್ಳಿಗಳಲ್ಲಿ ಕುಡಿಸುವುದುಂಟು. ಆ ಜಾತಿಯ ಬಳ್ಳಿಗಳಲ್ಲಿರುವ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆಂದು ವೈದ್ಯಶಾಸ್ತ್ರ ಸ್ಥಾಪಿಸಿದೆ. ಹಾವು ಕಚ್ಚಿದವರನ್ನು ಒಯ್ಯಬೇಕಾದುದು ಆಸ್ಪತ್ರೆಗೇ. ಬಳ್ಳಿಯನ್ನು ಚಿಟ್ಟೆಗೆ ಬಿಡಿ. ಹಿತ್ತಲ ಗಿಡವೆಲ್ಲ ಮದ್ದೆಂದು ಸಾರುವುದು ಕೂಡ ಗಾದೆಯನ್ನು ಕುರುಡಾಗಿ ತಿರುವಿ ಹಾಕಿದಂತೆಯೇ ಆದೀತು. ನನ್ನ ವಾದ ಅದಲ್ಲ.

ಮೂರನೆಯದು, ಮತ್ತು ಎಲ್ಲಕ್ಕಿಂತ ಬಲವಾದುದು, "ನೋಡಿದವರು ಏನಂದಾರು" ಎಂಬುದು. ಇದು ಸಸ್ಯಶಾಸ್ತ್ರದ ಪ್ರಶ್ನೆಯಲ್ಲ, ಸಮಾಜದ ಪ್ರಶ್ನೆ. ನಮ್ಮ ವಂಶದಲ್ಲಿ ಕಾಲೇಜಿನ ಬಾಗಿಲು ದಾಟಿದವಳು ನಾನೇ ಮೊದಲು. ನಮ್ಮಂಥ ಮನೆಗಳಿಂದ ಬಂದ ಹುಡುಗ ಹುಡುಗಿಯರು ಈ ಕಾಲೇಜಿನಲ್ಲಿ ನೂರಾರು ಮಂದಿ ಇದ್ದೇವೆ. ಓದು ಬಂದೊಡನೆ ನಮ್ಮಿಂದ ಎಲ್ಲರೂ ನಿರೀಕ್ಷಿಸುವುದು ಹಳೆಯದನ್ನೆಲ್ಲ ಒರಸಿಹಾಕುವುದನ್ನು. ಮಣ್ಣಿನ ಅಂಗಳ ಹೋಗಬೇಕು, ಎಕ್ಕ ಹೋಗಬೇಕು, ಅವ್ವನ ಮಾತಿನ ಧಾಟಿ ಹೋಗಬೇಕು. ಅವುಗಳ ಜಾಗದಲ್ಲಿ ಸಿಮೆಂಟು, ಕುಂಡ, ಕುಂಡದಲ್ಲಿ ಅಂಗಡಿಯಿಂದ ತಂದ ಗಿಡ ಬರಬೇಕು. ಕೆಲವು ಹಳೆಯವು ಹೋಗಲೇಬೇಕು. ಕೆಸರೂ ಹೋಗಲಿ, ಸೊಳ್ಳೆಯೂ ಹೋಗಲಿ, ಅಜ್ಞಾನವೂ ಹೋಗಲಿ. ಆದರೆ ಯಾವುದು ಹೋಗಬೇಕು, ಯಾವುದು ಉಳಿಯಬೇಕು ಎಂದು ಆರಿಸುವ ಶಕ್ತಿಯನ್ನು ಕೊಡದ ವಿದ್ಯೆ ಎಂಥ ವಿದ್ಯೆ? ಹೆಸರು ಗೊತ್ತಿಲ್ಲದೆ ಅವ್ವ ಉಳಿಸಿದ ಗಿಡವನ್ನು, ಹೆಸರು ಕಲಿತ ಮಗಳು ಕಿತ್ತುಹಾಕಿದರೆ ಕಲಿತುದರ ಫಲವೇನು?

ಚೆಲುವು ಹಣವಂತರ ಸ್ವತ್ತು ಎಂಬ ಭಾವನೆಯೂ ನಮ್ಮಲ್ಲಿ ಬೇರೂರಿದೆ. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗಿಗೆ ಹೋಗಿ ಫಲಪುಷ್ಪ ಪ್ರದರ್ಶನ ನೋಡಬಹುದು. 2006ರಲ್ಲಿ ತೆರೆದ ಬನ್ನೇರುಘಟ್ಟದ ಚಿಟ್ಟೆ ಉದ್ಯಾನವನ್ನು ನೋಡಬಹುದು. ಅವು ನಾಡಿಗೆ ಭೂಷಣವೇ ಹೌದು. ಆದರೆ ಬಸ್ಸಿಗೂ ಟಿಕೆಟ್ಟಿಗೂ ಹಣ ಹೊಂದಿಸಿಕೊಂಡು ವರ್ಷಕ್ಕೊಮ್ಮೆ ಹೋಗಿ ನೋಡಿ ಬರುವ ಚೆಲುವು ಒಂದು. ಮುಸುರೆ ತಿಕ್ಕುತ್ತ ತಲೆಯೆತ್ತಿದಾಗ ಕಣ್ಣಿಗೆ ಬೀಳುವ ಚೆಲುವು ಇನ್ನೊಂದು. ಎರಡನೆಯದಕ್ಕೆ ಹಣ ಬೇಡ, ನಾಲ್ಕು ಅಡಿ ನೆಲ ಸಾಕು. ಆ ನಾಲ್ಕು ಅಡಿ ನೆಲವೂ ಹೋದರೆ ಬಡವರ ಪಾಲಿನ ಚಿಟ್ಟೆ ಮೊಬೈಲಿನಲ್ಲಿ ಮಾತ್ರ ಉಳಿದೀತು.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಯೋಜನೆಯೇನೂ ಬೇಡ. ನೆಲವನ್ನೆಲ್ಲ ಸಿಮೆಂಟಿನಿಂದ ಮುಚ್ಚದೆ, ಓಡಾಡುವಷ್ಟು ಜಾಗಕ್ಕೆ ಮಾತ್ರ ಹಾಸು ಹಾಕಿಸಿ, ಗೋಡೆಯ ಬದಿಯಲ್ಲಿ ಒಂದು ಪಟ್ಟಿ ಮಣ್ಣನ್ನು ಬಿಡಬೇಕು. ಮಳೆಯ ನೀರು ಇಂಗುವುದಕ್ಕೂ ಅದೇ ದಾರಿ. ಬಿಸಿಲು ಬೀಳುವ ಕಡೆ ಒಂದು ಕರಿಬೇವು ಅಥವಾ ನಿಂಬೆ. ಅದರ ಮಗ್ಗುಲಲ್ಲಿ ಮಕರಂದಕ್ಕೆಂದು ಕೇಪಳ, ದಾಸವಾಳ, ಸಾಧ್ಯವಿದ್ದರೆ ರತ್ನಗಂಧಿ. ಬುಡದಲ್ಲಿ ತಾನಾಗಿ ಹುಟ್ಟಿದ ತುಂಬೆಯನ್ನು ಕೀಳದಿದ್ದರೆ ಆಯಿತು. ಗಿಡ್ಡದಾಗಿಯೇ ಇರಬೇಕೆಂದರೆ ಹೂ ಬಿಟ್ಟು ಮುಗಿದ ಮೇಲೆ ಕೇಪಳವನ್ನು ಸವರಿದರೆ ಸೊಂಟದೆತ್ತರಕ್ಕೇ ನಿಲ್ಲುತ್ತದೆ. ಹುಳುನಾಶಕವನ್ನು ಹೊಡೆಯಬಾರದು, ಎಲ್ಲಕ್ಕಿಂತ ಮುಖ್ಯವಾದುದು ಇದೇ. ಹುಳು ಬೇಡ, ಚಿಟ್ಟೆ ಬೇಕು ಎನ್ನುವುದು ಮಗು ಬೇಡ, ಮೊಮ್ಮಗ ಬೇಕು ಎಂದಂತೆ. ಇಷ್ಟಾದ ಮೇಲೆಯೂ ಜಾಗ ಉಳಿದು, ಹಣವೂ ಉಳಿದು, ತಂಪಿನ ಊರಿನಲ್ಲಿ ಮನೆಯಿದ್ದವರು ಒಂದು ಗಿಡ್ಡ ಬಡ್ಲೇಯವನ್ನೂ ಇಟ್ಟುಕೊಳ್ಳುವುದಾದರೆ, ಬೀಜ ಬಿಡದ ತಳಿಯನ್ನು ಕೇಳಿ ತಿಳಿದು ತರಲಿ, ನನ್ನ ತಕರಾರಿಲ್ಲ. ಅತಿಥಿಸತ್ಕಾರಕ್ಕೆ ಅದು ಇರಲಿ. ಮನೆಯವರನ್ನು ಹೊರಗೆ ಹಾಕಿ ಅತಿಥಿಗೆ ಹಾಸಿಗೆ ಹಾಸುವುದು ಬೇಡ.

ನಮ್ಮ ಮನೆಯ ವಿಚಾರ ಏನಾಯಿತೆಂದು ವಾಚಕರು ಕೇಳಬಹುದು. ಮಾತುಕತೆ ಇನ್ನೂ ನಡೆದಿದೆ. ಬಚ್ಚಲಿನಿಂದ ಬಟ್ಟೆ ಒಣಗಿಸುವ ತಂತಿಯವರೆಗೆ ಹಾಸು ಹಾಕುವುದು, ಕರಿಬೇವಿನ ಬುಡ ಬಿಡುವುದು ಎಂಬಲ್ಲಿಗೆ ಅಣ್ಣ ಒಪ್ಪಿದ್ದಾನೆ. ಎಕ್ಕದ ವಿಷಯದಲ್ಲಿ ಇನ್ನೂ ಒಪ್ಪಿಲ್ಲ. ಮಳೆಗಾಲ ಮುಗಿದ ಮೇಲೆ ಸಿಮೆಂಟು ಬರುತ್ತದೆ. ಅಷ್ಟರೊಳಗೆ ಅವನಿಗೆ ಒಂದು ಕೋಶವಾದರೂ ಒಡೆಯುವುದನ್ನು ತೋರಿಸಬೇಕೆಂದು ನನ್ನ ಹಟ. ಗೋಡೆ ಕಟ್ಟುವವನಿಗೆ ಕಟ್ಟಡದ ಬೆಲೆ ಗೊತ್ತಿದೆ. ಇಪ್ಪತ್ತೆಂಟು ಮೂವತ್ತು ದಿನಗಳಲ್ಲಿ ಒಂದು ಹುಳು ತನ್ನನ್ನು ತಾನೇ ಒಡೆದು ಮತ್ತೆ ಕಟ್ಟಿಕೊಳ್ಳುವ ಕೆಲಸವನ್ನು ನೋಡಿದರೆ ಅವನು ಮೆಚ್ಚದೆ ಇರಲಾರ.

ಕೊನೆಯದಾಗಿ ನಮ್ಮ ಕಾಲೇಜನ್ನು ಕುರಿತು ಒಂದು ವಿನಂತಿ. ಗ್ರಂಥಾಲಯದ ಹಿಂಬದಿಯ ಬಯಲಿನಲ್ಲಿ ಎಕ್ಕ, ತಂಗಡಿ, ತುಂಬೆ, ಒಂದು ಕಕ್ಕೆಯ ಮರ ಇವೆ. ಪ್ರತಿ ವರ್ಷ ಸಮಾರಂಭದ ಮುನ್ನ ಅವನ್ನೆಲ್ಲ ಬುಡಸಮೇತ ಸವರಿ, ಮುಂಬಾಗಿಲಿಗೆ ಬಾಡಿಗೆಯ ಹೂಕುಂಡಗಳನ್ನು ತಂದಿಡುವುದು ವಾಡಿಕೆಯಾಗಿದೆ. ಹಾದಿಯನ್ನು ಸ್ವಚ್ಛಮಾಡಲಿ, ಬೇಡವೆನ್ನುವುದಿಲ್ಲ. ಆದರೆ ಆ ಬಯಲಿನ ಒಂದು ಮೂಲೆಯನ್ನು, ಹತ್ತು ಗಜ ಉದ್ದಗಲದಷ್ಟನ್ನು ಮಾತ್ರ, ಹಾಗೆಯೇ ಬಿಟ್ಟು ಬೇಲಿ ಹಾಕಿ, ಗಿಡಗಳ ಹೆಸರನ್ನು ಕನ್ನಡದಲ್ಲಿ ಬರೆದ ಹಲಗೆಗಳನ್ನು ನೆಡಬಾರದೆ? ರಾಷ್ಟ್ರೀಯ ಸೇವಾ ಯೋಜನೆಯ ಮಿತ್ರರು ಮನಸ್ಸು ಮಾಡಿದರೆ ಎರಡು ಭಾನುವಾರಗಳ ಕೆಲಸ. ಪದವಿ ಪಡೆದು ಹೋಗುವ ನಾವು ಈ ಸಂಸ್ಥೆಗೆ ಬೆಂಚು ಗಡಿಯಾರಗಳನ್ನು ಕೊಡಲಾರೆವು. ಅಷ್ಟು ಶಕ್ತಿ ನಮ್ಮಲ್ಲಿ ಅನೇಕರಿಗಿಲ್ಲ. ಕಡಿಯದೆ ಬಿಟ್ಟ ಒಂದು ಮೂಲೆಯನ್ನಾದರೂ ಬಿಟ್ಟುಹೋಗಬಹುದು.

ಹಿತ್ತಲ ಗಿಡ ಎಲ್ಲ ರೋಗಕ್ಕೂ ಮದ್ದಾಗಲಿ ಬಿಡಲಿ. ಯಾವುದೋ ಒಂದು ಜೀವಕ್ಕೆ ಅದು ತೊಟ್ಟಿಲು. ತೊಟ್ಟಿಲನ್ನು ಸೌದೆಗೆ ಒಡೆಯುವ ಮುನ್ನ ಒಳಗೆ ಮಗು ಇದೆಯೇ ಎಂದು ಒಮ್ಮೆ ಬಗ್ಗಿ ನೋಡುವ ಅಭ್ಯಾಸವನ್ನು ಓದಿದವರಾದ ನಾವಾದರೂ ಬೆಳೆಸಿಕೊಳ್ಳೋಣ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ